ಕ್ವೇಸಾರ್‌ನ ಕಪ್ಪುಕುಳಿಯನ್ನು ತೂಗುವ ಬಗೆ: ಎಂಟಿಂಚಿನ ಟೆಲಿಸ್ಕೋಪಿನಿಂದ ಎಡಿಂಗ್ಟನ್ ಮಿತಿಯವರೆಗೆ

ಉತ್ತರಾ ನಕ್ಷತ್ರದಿಂದ (ಸಿಂಹ ರಾಶಿಯ ಡೆನೆಬೋಲಾ) ಚಿತ್ತಾ ನಕ್ಷತ್ರಕ್ಕೆ (ಕನ್ಯಾ ರಾಶಿಯ ಸ್ಪೈಕಾ) ಒಂದು ಗೆರೆ ಎಳೆದುಕೊಳ್ಳಿ. ಅದರ ನಡುಮಧ್ಯದಿಂದ ಪಶ್ಚಿಮಕ್ಕೆ ಸುಮಾರು ಎರಡು ಡಿಗ್ರಿ ಸರಿದಲ್ಲಿ 3ಸಿ 273 ಎಂಬ ಕ್ವೇಸಾರ್ ಇದೆ. ಹೊಳಪು ಸುಮಾರು 12.9 ಮ್ಯಾಗ್ನಿಟ್ಯೂಡ್ (ಈ ಅಂಕಿ ಹೆಚ್ಚಿದಷ್ಟೂ ಬೆಳಕು ಮಂದ). ಬರಿಗಣ್ಣಿಗೆ ಸಿಗದು, ಎಂಟಿಂಚಿನ ಟೆಲಿಸ್ಕೋಪಿನಲ್ಲಿ ಮಾಮೂಲಿ ಚುಕ್ಕಿಯ ಹಾಗೆ ಕಾಣುತ್ತದೆ. ದೂರ ಸುಮಾರು 240 ಕೋಟಿ ಜ್ಯೋತಿರ್ವರ್ಷ. ಅಷ್ಟು ದೂರದ್ದು ಪಾವಗಡದ ಹೊಲದಲ್ಲಿ ನಿಂತವರ ಕಣ್ಣಿಗೂ ಬೀಳುವುದಕ್ಕೆ ಕಾರಣ ಅಲ್ಲಿನ ಗ್ಯಾಲಕ್ಸಿಯ ನಡುವೆ ಕೂತ ಕಪ್ಪುಕುಳಿ. ಅದರೊಳಗೆ ಬೀಳಲು ಹೊರಟ ಅನಿಲ ತಟ್ಟೆಯಾಗಿ ಸುತ್ತುತ್ತಾ, ಪದರಕ್ಕೆ ಪದರ ಉಜ್ಜಿ, ಕಾದು ಉರಿಯುತ್ತದೆ. ನಮಗೆ ಕಾಣುವುದು ಆ ಉರಿ, ಅದನ್ನೇ ಕ್ವೇಸಾರ್ ಎನ್ನುತ್ತೇವೆ.

ಈ ಬರಹ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಪದವಿ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ, ಅವರ ಮೇಷ್ಟರುಗಳಿಗೆ, ಆಕಾಶ ನೋಡುವ ಹವ್ಯಾಸದವರಿಗೆ. ಕ್ವೇಸಾರ್‌ನ ರೆಡ್‌ಶಿಫ್ಟ್ (ವಿಶ್ವ ಹಿಗ್ಗುವುದರಿಂದ ಅದರ ಬೆಳಕಿನ ತರಂಗಾಂತರ ಎಷ್ಟು ಹಿಗ್ಗಿದೆ ಎಂಬ ಅಳತೆ) ಮತ್ತು ಹೊಳಪನ್ನು ನೀವೇ ಅಳೆಯುತ್ತೀರಿ. ರೋಹಿತದ ರೇಖೆಯ ಅಗಲ ಮತ್ತು ಕಪ್ಪುಕುಳಿಯಿಂದ ಅನಿಲದ ದೂರವನ್ನು ಮಾತ್ರ ದೊಡ್ಡ ಟೆಲಿಸ್ಕೋಪುಗಳ ಪ್ರಕಟಿತ ಅಳತೆಯಿಂದ ತೆಗೆದುಕೊಳ್ಳುತ್ತೀರಿ. ಈ ನಾಲ್ಕು ಕೈಯಲ್ಲಿದ್ದರೆ ಕಪ್ಪುಕುಳಿಯ ದ್ರವ್ಯರಾಶಿ, ವರ್ಷಕ್ಕೆ ಅದು ನುಂಗುವ ಪ್ರಮಾಣ, ಅದು ಬೆಳೆಯುವ ವೇಗ, ಮೂರೂ ಕ್ಯಾಲ್ಕುಲೇಟರಿನಲ್ಲೇ ಬರುತ್ತವೆ. ಉತ್ತರ ತೆಗೆಯುವುದು ಸುಲಭ. ಯಾವ ಹೆಜ್ಜೆಯಲ್ಲಿ ಉತ್ತರ ಎರಡು ಮೂರು ಪಟ್ಟು ತಪ್ಪಬಹುದು ಎಂದು ಗೊತ್ತಿರುವುದೇ ಈ ಕೆಲಸದ ತಿರುಳು, ಹಾಗಾಗಿ ಆ ಜಾಗಗಳಲ್ಲಿ ಹೆಚ್ಚು ಹೊತ್ತು ನಿಂತಿದ್ದೇವೆ.

ಜಾಗ ಮತ್ತು ಕಾಲ

3ಸಿ 273ರ ವಿಷುವದಂಶ 12 ಗಂಟೆ 29 ನಿಮಿಷ 7 ಸೆಕೆಂಡ್, ಘಂಟಾವೃತ್ತಾಂಶ ಉತ್ತರಕ್ಕೆ 2 ಡಿಗ್ರಿ 3 ನಿಮಿಷ. ತುಮಕೂರಿನ ಅಕ್ಷಾಂಶ 13.3 ಡಿಗ್ರಿ ಆದ್ದರಿಂದ ಅದು ನೆತ್ತಿಗೆ ಹತ್ತಿರವೇ, ದಿಗಂತದಿಂದ 79 ಡಿಗ್ರಿಯಷ್ಟು ಮೇಲೆ ಹಾದುಹೋಗುತ್ತದೆ. ಈ ವಿಷಯದಲ್ಲಿ ನಾವು ಯುರೋಪಿನ ಹವ್ಯಾಸಿಗಳಿಗಿಂತ ಅದೃಷ್ಟವಂತರು. ಅವರು ಅದನ್ನು ದಪ್ಪ ಗಾಳಿಯ ಮೂಲಕ ಓರೆಯಾಗಿ ನೋಡಬೇಕು. ಮಾರ್ಚ್ ಕೊನೆಗೆ ರಾತ್ರಿ 12:20ರ ಸುಮಾರಿಗೆ, ಏಪ್ರಿಲ್ ಕೊನೆಗೆ 10:20ರ ಸುಮಾರಿಗೆ ಅದು ಅತಿ ಎತ್ತರದಲ್ಲಿರುತ್ತದೆ. ಫೆಬ್ರವರಿ, ಮಾರ್ಚ್‌ನ ಅಮಾವಾಸ್ಯೆಯ ಆಸುಪಾಸು ಎಲ್ಲಕ್ಕಿಂತ ಒಳ್ಳೆಯದು. ಏಪ್ರಿಲ್ ಬಂತೆಂದರೆ ಮಾವಿನ ಮಳೆಯ ಮೋಡ ಸಂಜೆಗೇ ಕಟ್ಟಿಕೊಳ್ಳುತ್ತದೆ.

ನಂದಿ ಬೆಟ್ಟದ ಆಸೆ ಬಿಡಿ. ರಾತ್ರಿ ಸಾರ್ವಜನಿಕರಿಗೆ ಪ್ರವೇಶವಿಲ್ಲ, ಇದ್ದರೂ ದಕ್ಷಿಣದ ಆಕಾಶವನ್ನೆಲ್ಲ ಬೆಂಗಳೂರಿನ ಬೆಳಕು ತುಂಬಿರುತ್ತದೆ. ಪಾವಗಡ, ಮಧುಗಿರಿಯ ಉತ್ತರದ ಊರುಗಳು, ಗುಡಿಬಂಡೆ, ಬಾಗೇಪಲ್ಲಿ, ಶ್ರೀನಿವಾಸಪುರದ ಆಚೆ, ಇವು ವಾಸಿ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಜಾಗ ಹುಡುಕುವಾಗ ಪಕ್ಕದಲ್ಲಿ ಸೇವಂತಿಗೆ ತೋಟ ಇದೆಯೇ ನೋಡಿಕೊಳ್ಳಿ. ಹೂ ಬಿಡುವುದನ್ನು ಮುಂದೂಡಲು ರಾತ್ರಿ ಸಾಲಾಗಿ ಬಲ್ಬ್ ಉರಿಸುವ ತೋಟವಾದರೆ, ಆ ಬೆಳಕು ಅರ್ಧ ಕಿಲೋಮೀಟರ್ ದೂರದಿಂದಲೂ ಕೊಳವೆಯೊಳಗೆ ಓರೆಯಾಗಿ ನುಗ್ಗಿ ಚಿತ್ರದ ಹಿನ್ನೆಲೆಯನ್ನು ಒಂದು ಬದಿಗೆ ಏರಿಸುತ್ತದೆ.

ಇನ್ನೊಂದು ತಪ್ಪು ಈ ಜಿಲ್ಲೆಗಳಿಗೇ ವಿಶೇಷ: ಸಮತಟ್ಟಾಗಿದೆ ಎಂದು ಹಾಸುಬಂಡೆಯ ಮೇಲೆ ಟೆಲಿಸ್ಕೋಪ್ ನಿಲ್ಲಿಸುವುದು. ಕಾಲು ಅಲುಗುವುದಿಲ್ಲ, ನಿಜ. ಆದರೆ ಹಗಲೆಲ್ಲ ಕಾದ ಕಲ್ಲು ನಡುರಾತ್ರಿಯವರೆಗೂ ಬಿಸಿ ಬಿಡುತ್ತದೆ. ಅದರ ಮೇಲಿನ ಗಾಳಿ ನಡುಗುತ್ತದೆ, ಚುಕ್ಕಿ ಊದಿಕೊಳ್ಳುತ್ತದೆ. ಮೂರು ಆರ್ಕ್‌ಸೆಕೆಂಡ್ ಇರಬೇಕಾದ ಚುಕ್ಕಿ ಐದಾದರೆ ನಿಮ್ಮ ರೋಹಿತದ ರೇಖೆಗಳೂ ಅಷ್ಟೇ ಮಸುಕಾಗುತ್ತವೆ. ಬಂಡೆಯಿಂದ ನೂರಿನ್ನೂರು ಮೀಟರ್ ದೂರ, ರಾಗಿ ಕುಯ್ದ ಹೊಲದ ಗಟ್ಟಿ ನೆಲ ಹುಡುಕಿ. ಮುಕ್ಕಾಲಿಯ ಪ್ರತಿ ಕಾಲಿನ ಕೆಳಗೆ ಒಂದು ಹಲಗೆ ತುಂಡು ಇಡಿ. ಹೊಲದವರಿಗೆ ಹಗಲಲ್ಲೇ ಹೇಳಿರಿ. ಗುಡ್ಡದ ಬುಡ ಬೇಡ, ಕರಡಿ, ಚಿರತೆ ಓಡಾಡುತ್ತವೆ.

ಸಲಕರಣೆ

ಎಂಟಿಂಚಿನ ಕನ್ನಡಿ, ಸಂಗಮದೂರ 1000 ಮಿಮೀ ಆಸುಪಾಸು, ನಕ್ಷತ್ರವನ್ನು ಹಿಂಬಾಲಿಸುವ ಮೋಟಾರಿನ ಈಕ್ವೆಟೋರಿಯಲ್ ಮೌಂಟ್, ಜೊತೆಗೆ ಗೈಡ್ ಕ್ಯಾಮೆರಾ. ರೋಹಿತಕ್ಕೆ ಮಿಲಿಮೀಟರಿಗೆ 100 ಗೆರೆಯ ಗ್ರೇಟಿಂಗ್ ಸಾಕು. ಸ್ಟಾರ್ ಅನಲೈಸರ್ 100 ಎಂಬ ಹೆಸರಿನದು ಒಂದೂಕಾಲಿಂಚಿನ ಫಿಲ್ಟರ್ ಎಳೆಗೆ ನೇರ ಕೂರುತ್ತದೆ. ಕ್ಯಾಮೆರಾ ಕಪ್ಪುಬಿಳುಪಿನದಾದರೆ ಉತ್ತಮ.

ಗ್ರೇಟಿಂಗಿನಿಂದ ಸೆನ್ಸರಿಗೆ ಎಷ್ಟು ದೂರ ಬಿಡಬೇಕು ಎಂಬುದು ಅಂದಾಜಿನ ಮಾತಲ್ಲ. ಒಂದು ಪಿಕ್ಸೆಲಿಗೆ ಎಷ್ಟು ಆಂಗ್‌ಸ್ಟ್ರಾಂ ಎಂದು ತಿಳಿಯಲು, ಪಿಕ್ಸೆಲ್ ಗಾತ್ರವನ್ನು (ಮೈಕ್ರಾನ್) 10,000ದಿಂದ ಗುಣಿಸಿ, ಗೆರೆಗಳ ಸಂಖ್ಯೆ ಮತ್ತು ದೂರಗಳ (ಮಿಮೀ) ಗುಣಲಬ್ಧದಿಂದ ಭಾಗಿಸಿ. 3.75 ಮೈಕ್ರಾನ್ ಪಿಕ್ಸೆಲ್, 50 ಮಿಮೀ ದೂರ ಎಂದರೆ ಪಿಕ್ಸೆಲಿಗೆ 7.5 ಆಂಗ್‌ಸ್ಟ್ರಾಂ. ಮೂಲ ಚುಕ್ಕಿಯಿಂದ (ಗ್ರೇಟಿಂಗಿನಲ್ಲಿ ಬಾಗದೆ ನೇರ ಬಂದ ನಕ್ಷತ್ರದ ಬಿಂಬ) ಹಿಡಿದು 8000 ಆಂಗ್‌ಸ್ಟ್ರಾಂವರೆಗೆ 1067 ಪಿಕ್ಸೆಲ್ ಬೇಕು, 1280 ಅಗಲದ ಸೆನ್ಸರಿನಲ್ಲಿ ಹಿಡಿಯುತ್ತದೆ. ದೂರ ಹೆಚ್ಚಿಸಿದರೆ ರೋಹಿತ ಹಿಗ್ಗುತ್ತದೆ, ಆದರೆ ಮೊದಲೇ ಬಡವಾದ ಬೆಳಕು ಇನ್ನೂ ತೆಳುವಾಗುತ್ತದೆ, ಮೂಲ ಚುಕ್ಕಿಯೂ ಚೌಕಟ್ಟಿನಿಂದ ಹೊರಗೆ ಹೋಗಬಹುದು. 50 ಮಿಮೀಗೇ ನಿಲ್ಲಿ.

ಸಾಮಾನ್ಯ ಡಿಎಸ್‌ಎಲ್‌ಆರ್‌ನಲ್ಲೂ ಕೆಲಸ ಆಗುತ್ತದೆ. ಆದರೆ ಅದರೊಳಗಿನ ಫಿಲ್ಟರ್ 7000 ಆಂಗ್‌ಸ್ಟ್ರಾಂ ಆಚೆಯ ಕೆಂಪನ್ನು ಕತ್ತರಿಸುವುದರಿಂದ, ಕ್ವೇಸಾರ್‌ನಲ್ಲಿ 7600ಕ್ಕೆ ಸರಿದಿರುವ ಹೈಡ್ರೋಜನ್ ಆಲ್ಫಾ ರೇಖೆ ಸಿಗದು. ಬೀಟಾ, ಗಾಮಾ ರೇಖೆಗಳಿಗೆ ತೃಪ್ತಿಪಡಬೇಕು.

ರೋಹಿತ ಹಿಡಿಯುವುದು

ಮೊದಲು ಉತ್ತರಾ ನಕ್ಷತ್ರಕ್ಕೆ ತಿರುಗಿ. ಅದು ಎ3 ವರ್ಗದ್ದು, ಹೈಡ್ರೋಜನ್‌ನ ಕಪ್ಪು ಗೆರೆಗಳು ಎದ್ದು ಕಾಣುತ್ತವೆ. ಫೋಕಸ್ ಮಾಡುವುದು ಇಲ್ಲೇ. ಮೂಲ ಚುಕ್ಕಿ ಚೂಪಾಗುವಂತೆ ಫೋಕಸ್ ಮಾಡಿದರೆ ರೋಹಿತ ಮಸುಕಾಗಿಯೇ ಉಳಿಯುತ್ತದೆ, ಏಕೆಂದರೆ ಗ್ರೇಟಿಂಗಿನಿಂದ ಬಾಗಿದ ಬೆಳಕು ಕೂಡುವ ಜಾಗ ಕೊಂಚ ಬೇರೆ. 4861ರ ಬೀಟಾ ತಗ್ಗು ಅತಿ ಆಳವಾಗಿ, ಅತಿ ಸಪೂರವಾಗಿ ಕಾಣುವವರೆಗೆ ತಿರುಗಿಸಿ, ಅಲ್ಲಿಗೆ ಬಿಗಿಮಾಡಿ. ಒಂದು ಸೆಕೆಂಡಿಗಿಂತ ಕಡಿಮೆಯ ಚಿತ್ರಗಳು ಇಪ್ಪತ್ತು ಸಾಕು.

ಆಮೇಲೆ ಕ್ವೇಸಾರ್. ಕನ್ಯಾ ರಾಶಿಯ ಎಟಾ ನಕ್ಷತ್ರದಿಂದ ಈಶಾನ್ಯಕ್ಕೆ ಸುಮಾರು ಮೂರೂವರೆ ಡಿಗ್ರಿ. ಬದಲಾಗುವ ನಕ್ಷತ್ರಗಳನ್ನು ಗಮನಿಸುವವರ ಅಮೆರಿಕದ ಸಂಘ ಎಎವಿಎಸ್‌ಒ ತಾಣದಲ್ಲಿ ಇದರ ನಕ್ಷೆ, ಹೋಲಿಕೆ ನಕ್ಷತ್ರಗಳ ಮ್ಯಾಗ್ನಿಟ್ಯೂಡ್ ಸಮೇತ ಸಿಗುತ್ತದೆ, ಮುದ್ರಿಸಿಕೊಂಡು ಹೋಗಿ. ಗ್ರೇಟಿಂಗ್ ಹಾಕುವ ಮೊದಲು ಹಸಿರು ಅಥವಾ ವಿ ಫಿಲ್ಟರಿನಲ್ಲಿ 60 ಸೆಕೆಂಡಿನ ಹತ್ತು ಚಿತ್ರ ತೆಗೆದಿಡಿ, ಹೊಳಪಿನ ಅಳತೆಗೆ ಬೇಕು. ಗ್ರೇಟಿಂಗ್ ಹಾಕಿದ ಮೇಲೆ 60 ಸೆಕೆಂಡಿನ 60 ಚಿತ್ರ. ಅದೇ ತಾಪಮಾನದಲ್ಲಿ, ಮುಚ್ಚಳ ಹಾಕಿ, 20 ಡಾರ್ಕ್ ಚಿತ್ರ.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಸೀಳು ಇಲ್ಲದ ರೋಹಿತದಲ್ಲಿ ಚೌಕಟ್ಟಿನ ಪ್ರತಿ ನಕ್ಷತ್ರಕ್ಕೂ ಒಂದು ಮೂಲ ಚುಕ್ಕಿ, ಒಂದು ಪಟ್ಟಿ ಇರುತ್ತದೆ. ಬೇರೆ ನಕ್ಷತ್ರದ ಮೂಲ ಚುಕ್ಕಿ ಕ್ವೇಸಾರ್‌ನ ಪಟ್ಟಿಯ ಮೇಲೆ ಕೂತರೆ ಅದು ಥೇಟು ಹೊಮ್ಮು ರೇಖೆಯಂತೆ ಕಾಣುತ್ತದೆ. ಗುರುತಿಸುವ ದಾರಿ: ಸುಳ್ಳು ರೇಖೆ ನಕ್ಷತ್ರದ ಚುಕ್ಕಿಯಷ್ಟೇ ಸಪೂರ, ಪಟ್ಟಿಯಿಂದ ಕೊಂಚ ಮೇಲೋ ಕೆಳಗೋ ಸರಿದಿರುತ್ತದೆ. ಅನುಮಾನ ಬಂದರೆ ಕ್ಯಾಮೆರಾ ಮತ್ತು ಗ್ರೇಟಿಂಗನ್ನು ಜೊತೆಯಾಗಿ 90 ಡಿಗ್ರಿ ತಿರುಗಿಸಿ ಮತ್ತೊಂದು ಗಂಟೆ ಹಿಡಿಯಿರಿ. ನಿಜವಾದ ರೇಖೆ ಅದೇ ತರಂಗಾಂತರದಲ್ಲಿ ಉಳಿಯುತ್ತದೆ, ಸುಳ್ಳು ಮಾಯವಾಗುತ್ತದೆ.

ರೆಡ್‌ಶಿಫ್ಟ್ ಓದುವುದು

ಚಿತ್ರಗಳಿಂದ ಡಾರ್ಕ್ ಕಳೆದು, ಒಂದರ ಮೇಲೊಂದು ಜೋಡಿಸಿ, ಪಟ್ಟಿಯ ಮೇಲಿನ ಪಿಕ್ಸೆಲ್‌ಗಳನ್ನು ಲಂಬವಾಗಿ ಕೂಡಿ, ಎರಡೂ ಬದಿಯ ಆಕಾಶದ ಸರಾಸರಿಯನ್ನು ಕಳೆಯಿರಿ. ಉತ್ತರಾ ನಕ್ಷತ್ರದ ಚಿತ್ರದಲ್ಲಿ ಮೂಲ ಚುಕ್ಕಿಯಿಂದ 4102, 4340, 4861ರ ತಗ್ಗುಗಳಿಗೆ ಎಷ್ಟು ಪಿಕ್ಸೆಲ್ ಎಂದು ಅಳೆದು ನೇರ ಗೆರೆ ಹೊಂದಿಸಿ. ಅದೇ ಅಳತೆಗೋಲನ್ನು ಕ್ವೇಸಾರ್‌ಗೆ ಹಾಕಿ.

ಈಗ 5630ರ ಆಸುಪಾಸು ಒಂದು ಅಗಲವಾದ ಉಬ್ಬು, 5025ರ ಆಸುಪಾಸು ಅದಕ್ಕಿಂತ ಸಣ್ಣದೊಂದು ಉಬ್ಬು ಕಾಣಬೇಕು. ಇವು ಯಾವ ರೇಖೆಗಳೆಂದು ಹೇಗೆ ಗೊತ್ತು? ಎರಡರ ಅನುಪಾತ ತೆಗೆಯಿರಿ. 5629ನ್ನು 5026ರಿಂದ ಭಾಗಿಸಿದರೆ 1.120. ಪ್ರಯೋಗಾಲಯದ ಬೀಟಾ 4861ನ್ನು ಗಾಮಾ 4340ರಿಂದ ಭಾಗಿಸಿದರೂ 1.120. ಇಡೀ ರೋಹಿತ ಒಂದೇ ಪ್ರಮಾಣದಲ್ಲಿ ಹಿಗ್ಗಿರುವುದರಿಂದ ಅನುಪಾತ ಕೆಡುವುದಿಲ್ಲ. 1963ರಲ್ಲಿ ಮಾರ್ಟನ್ ಸ್ಮಿತ್ ಈ ಕ್ವೇಸಾರ್‌ನ ರೇಖೆಗಳಲ್ಲಿ ಗುರುತಿಸಿದ್ದೂ ಹೈಡ್ರೋಜನ್‌ನ ಈ ಸರಣಿಯನ್ನೇ. 5629ನ್ನು 4861ರಿಂದ ಭಾಗಿಸಿ ಒಂದು ಕಳೆದರೆ 0.158, ಅದೇ ರೆಡ್‌ಶಿಫ್ಟ್. ಉಬ್ಬಿನ ತುದಿಯನ್ನು 10 ಆಂಗ್‌ಸ್ಟ್ರಾಂ ಒಳಗೆ ಗುರುತಿಸಿದರೆ ದೋಷ 0.002.

ಉಬ್ಬಿನ ತುದಿಯನ್ನೇ ಅಳೆಯಿರಿ, ಇಡೀ ಉಬ್ಬಿನ ಭಾರಕೇಂದ್ರವನ್ನಲ್ಲ. ಬೀಟಾದ ಬಲಬದಿಗೆ ಕಬ್ಬಿಣದ ಅಯಾನುಗಳ ಮತ್ತು ಆಮ್ಲಜನಕದ ರೇಖೆಗಳು ಅಂಟಿಕೊಂಡಿವೆ, ಗಾಮಾದ ಬಲಕ್ಕೂ ಆಮ್ಲಜನಕದ ಒಂದು ರೇಖೆ ಇದೆ. ಭಾರಕೇಂದ್ರ ತೆಗೆದರೆ ಉತ್ತರ ಬಲಕ್ಕೆ ಜಾರುತ್ತದೆ.

ಆಲ್ಫಾ ರೇಖೆಯೇ ಎಲ್ಲಕ್ಕಿಂತ ದೊಡ್ಡದು, ಆದರೆ ಅದನ್ನು ನಂಬಬೇಡಿ. 6563 ಹಿಗ್ಗಿ 7600ಕ್ಕೆ ಬರುತ್ತದೆ, ಸರಿಯಾಗಿ ನಮ್ಮ ವಾಯುಮಂಡಲದ ಆಮ್ಲಜನಕ ಬೆಳಕು ಹೀರುವ ಜಾಗಕ್ಕೆ. ರೇಖೆಯ ನಡುವನ್ನೇ ಗಾಳಿ ಕಚ್ಚಿಕೊಂಡು ಹೋಗಿರುತ್ತದೆ, ಒಂದು ಉಬ್ಬು ಎರಡಾಗಿ ಕಾಣುತ್ತದೆ. ಅಲ್ಲದೆ 3800ರ ನೀಲಿಯ ಎರಡನೇ ಕ್ರಮದ ರೋಹಿತವೂ ಅಲ್ಲಿಗೇ ಬಂದು ಬೀಳುತ್ತದೆ. ರೇಖೆ ಇದೆ ಎಂದು ಖಚಿತಪಡಿಸಿಕೊಳ್ಳಲು ಮಾತ್ರ ಅದು ಸಾಕು.

ಹೊಳಪಿನಿಂದ ವಾಟ್‌ಗೆ

ಹಸಿರು ಫಿಲ್ಟರಿನ ಚಿತ್ರಗಳಲ್ಲಿ ಕ್ವೇಸಾರ್ ಮತ್ತು ನಕ್ಷೆಯ ಮೂರು ನಾಲ್ಕು ಹೋಲಿಕೆ ನಕ್ಷತ್ರಗಳನ್ನು ಒಂದೇ ಅಳತೆಯ ವೃತ್ತದಲ್ಲಿ ಅಳೆಯಿರಿ. 0.05 ಮ್ಯಾಗ್ನಿಟ್ಯೂಡ್ ದೋಷದೊಳಗೆ ಬರಬೇಕು. ಇದು ನಿಧಾನವಾಗಿ ಬದಲಾಗುವ ವಸ್ತು, ನಿಮಗೆ 12.9 ಬರದೆ 12.8 ಬಂದರೆ ನಿಮ್ಮದನ್ನೇ ಬಳಸಿ. ನಮ್ಮ ಗ್ಯಾಲಕ್ಸಿಯ ಧೂಳು ಈ ದಿಕ್ಕಿನಲ್ಲಿ 0.1 ಮ್ಯಾಗ್ನಿಟ್ಯೂಡಿಗಿಂತ ಕಡಿಮೆ ನುಂಗುತ್ತದೆ, ಬಿಟ್ಟುಬಿಡಬಹುದು.

ವಿ ಪಟ್ಟಿಯಲ್ಲಿ ಸೊನ್ನೆ ಮ್ಯಾಗ್ನಿಟ್ಯೂಡ್ ಎಂದರೆ ಆಂಗ್‌ಸ್ಟ್ರಾಂಗೆ 3.63 × 10⁻¹² ವಾಟ್/ಚದರ ಮೀಟರ್. 12.9ಕ್ಕೆ ಅದು 6.9 × 10⁻⁶ ಪಾಲಾಗಿ 2.5 × 10⁻¹⁷ ಆಗುತ್ತದೆ. 5500 ಆಂಗ್‌ಸ್ಟ್ರಾಂನಿಂದ ಗುಣಿಸಿದರೆ 1.4 × 10⁻¹³ ವಾಟ್/ಚದರ ಮೀಟರ್. ರೆಡ್‌ಶಿಫ್ಟ್ 0.158ಕ್ಕೆ, ಹಬಲ್ ಸ್ಥಿರಾಂಕ 70 ಎಂದಿಟ್ಟರೆ, ಪ್ರಕಾಶದೂರ (ಹೊಳಪಿನ ಲೆಕ್ಕಕ್ಕೆ ಬಳಸುವ ದೂರ) 755 ಮೆಗಾಪಾರ್ಸೆಕ್, ಅಂದರೆ 2.33 × 10²⁵ ಮೀಟರ್. ಆ ತ್ರಿಜ್ಯದ ಗೋಳದ ಮೇಲ್ಮೈ 6.8 × 10⁵¹ ಚದರ ಮೀಟರ್. ಗುಣಿಸಿದರೆ ಸುಮಾರು 9 × 10³⁸ ವಾಟ್. ಬರೀ ವಿ ಪಟ್ಟಿಯಲ್ಲೇ ಮೂರು ಲಕ್ಷ ಕೋಟಿ ಸೂರ್ಯರ ಬೆಳಕು.

ಖಗೋಳದ ಲೇಖನಗಳಲ್ಲಿ ಇದನ್ನು ಎರ್ಗ್‌ನಲ್ಲಿ ಬರೆಯುತ್ತಾರೆ, 9 × 10⁴⁵ ಎರ್ಗ್/ಸೆಕೆಂಡ್. ಒಂದು ವಾಟ್ ಎಂದರೆ 10⁷ ಎರ್ಗ್/ಸೆಕೆಂಡ್. ಸೂತ್ರವನ್ನು ಎರ್ಗ್‌ನಲ್ಲಿ ತೆಗೆದುಕೊಂಡು ವಾಟ್ ತುಂಬಿಸಿದರೆ ಉತ್ತರ ಸಾವಿರಾರು ಪಟ್ಟು ತಪ್ಪುತ್ತದೆ. ಪ್ರತಿ ಸಾಲಿನಲ್ಲೂ ಮಾನ ಬರೆಯುವ ರೂಢಿ ಇಲ್ಲಿ ಕೈಹಿಡಿಯುತ್ತದೆ.

ತೂಗುವುದು

ಅಗಲ ರೇಖೆಗಳನ್ನು ಹೊಮ್ಮಿಸುವ ಅನಿಲ ಕಪ್ಪುಕುಳಿಯ ಗುರುತ್ವದಲ್ಲಿ ಸಿಕ್ಕಿ ಸುತ್ತುತ್ತಿದೆ. ನಮ್ಮ ಕಡೆ ಬರುವ ಅನಿಲದ ರೇಖೆ ನೀಲಿಯತ್ತ, ದೂರ ಹೋಗುವುದರದ್ದು ಕೆಂಪಿನತ್ತ ಸರಿಯುವುದರಿಂದ ರೇಖೆ ಅಗಲವಾಗುತ್ತದೆ. ಹಾಗಾಗಿ ಅಗಲ ವೇಗವನ್ನು ಹೇಳುತ್ತದೆ. ವೇಗದ ವರ್ಗವನ್ನು ಅನಿಲದ ದೂರದಿಂದ ಗುಣಿಸಿ, ಗುರುತ್ವ ಸ್ಥಿರಾಂಕದಿಂದ ಭಾಗಿಸಿದರೆ ದ್ರವ್ಯರಾಶಿ. ಅನಿಲದ ಜೋಡಣೆ, ನಾವು ನೋಡುವ ಕೋನ ಇವಕ್ಕಾಗಿ ಮುಂದೆ ಒಂದು ಗುಣಕ ಸೇರುತ್ತದೆ. ಅರ್ಧ ಎತ್ತರದಲ್ಲಿ ಅಳೆದ ಅಗಲಕ್ಕೆ ಅದನ್ನು ಸದ್ಯಕ್ಕೆ 1 ಎನ್ನೋಣ.

3ಸಿ 273ರ ಬೀಟಾ ರೇಖೆಯ ಅಗಲ ಸುಮಾರು 3,300 ಕಿಮೀ/ಸೆ, ನಮಗೆ ಕಾಣುವ ರೋಹಿತದಲ್ಲಿ 62 ಆಂಗ್‌ಸ್ಟ್ರಾಂ. ನಿಮ್ಮ ಗ್ರೇಟಿಂಗಿನಿಂದ ಇದನ್ನು ಅಳೆಯಬಹುದೇ? ಮೂರು ಆರ್ಕ್‌ಸೆಕೆಂಡಿನ ಚುಕ್ಕಿ 1000 ಮಿಮೀ ಸಂಗಮದೂರದಲ್ಲಿ 14.5 ಮೈಕ್ರಾನ್, ಅಂದರೆ ಸುಮಾರು 4 ಪಿಕ್ಸೆಲ್, 29 ಆಂಗ್‌ಸ್ಟ್ರಾಂ. ಅಳೆದ ಅಗಲದ ವರ್ಗದಿಂದ 29ರ ವರ್ಗ ಕಳೆದು ವರ್ಗಮೂಲ ತೆಗೆದರೆ ನಿಜದ ಅಗಲಕ್ಕೆ ಹತ್ತಿರ ಬರುತ್ತೀರಿ. ಆದರೆ ಕಬ್ಬಿಣದ ರೇಖೆಗಳು ಬೆರೆತಿರುವುದರಿಂದ ಉತ್ತರ ಒರಟು ಅಂದಾಜಷ್ಟೇ. ಮಾಡಿ ನೋಡಿ, ಲೆಕ್ಕಕ್ಕೆ ಮಾತ್ರ ಪ್ರಕಟಿತ 3,300ನ್ನೇ ಹಿಡಿಯಿರಿ. ವೇಗ ವರ್ಗವಾಗುವುದರಿಂದ ಅಗಲದಲ್ಲಿ 20 ಶೇಕಡಾ ತಪ್ಪಿದರೆ ದ್ರವ್ಯರಾಶಿಯಲ್ಲಿ 44 ಶೇಕಡಾ ತಪ್ಪುತ್ತದೆ.

ಉಳಿದದ್ದು ಅನಿಲದ ದೂರ. ಮಧುಗಿರಿಯ ಏಕಶಿಲೆಯೆದುರು ಕೂಗಿ, ಮರುದನಿ ಬರುವ ಹೊತ್ತು ಎಣಿಸಿ ಬಂಡೆ ಎಷ್ಟು ದೂರ ಎಂದು ಹೇಳುವ ಉಪಾಯವೇ ಇಲ್ಲಿಯೂ. ನಡುವಿನ ತಟ್ಟೆಯ ಬೆಳಕು ಏರಿಳಿದಾಗ, ಸುತ್ತಲಿನ ಅನಿಲದ ರೇಖೆ ಕೆಲವು ಕಾಲದ ನಂತರ ಅದೇ ರೀತಿ ಏರಿಳಿಯುತ್ತದೆ. ಆ ತಡದ ಅವಧಿಯನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ. 3ಸಿ 273ಕ್ಕೆ ಹತ್ತು ವರ್ಷದ ಆಸುಪಾಸಿನ ಅವಲೋಕನದಿಂದ ಸಿಕ್ಕ ತಡ, ಕ್ವೇಸಾರ್‌ನ ಸ್ವಂತ ಗಡಿಯಾರದಲ್ಲಿ, ಸುಮಾರು 146 ದಿನ. ಸ್ವಂತ ಗಡಿಯಾರ ಎಂಬುದನ್ನು ಗಮನಿಸಿ. ವಿಶ್ವದ ಹಿಗ್ಗುವಿಕೆ ಕಾಲವನ್ನೂ ಹಿಗ್ಗಿಸುತ್ತದೆ. ಭೂಮಿಯಲ್ಲಿ ಅಳೆದ ಸುಮಾರು 170 ದಿನವನ್ನು 1.158ರಿಂದ ಭಾಗಿಸಲು ಮರೆತರೆ ಅಲ್ಲೇ 16 ಶೇಕಡಾ ಹೆಚ್ಚಾಯಿತು.

146 ಜ್ಯೋತಿರ್ದಿನ ಎಂದರೆ 3.8 × 10¹⁵ ಮೀಟರ್. ವೇಗದ ವರ್ಗ 1.09 × 10¹³. ಗುಣಿಸಿ 6.67 × 10⁻¹¹ರಿಂದ ಭಾಗಿಸಿದರೆ 6.2 × 10³⁸ ಕೆಜಿ. ಸೂರ್ಯನ 2 × 10³⁰ ಕೆಜಿಯಿಂದ ಭಾಗಿಸಿ: ಸುಮಾರು 31 ಕೋಟಿ ಸೂರ್ಯರು.

ಇದನ್ನು ಬೇರೆ ದಾರಿಯಿಂದ ತಾಳೆ ನೋಡಬಹುದಾದ ಅಪರೂಪದ ಕ್ವೇಸಾರ್ ಇದು. ಚಿಲಿಯ ಪರನಾಲ್‌ನಲ್ಲಿರುವ ನಾಲ್ಕು ಎಂಟು ಮೀಟರ್ ಟೆಲಿಸ್ಕೋಪುಗಳ ಬೆಳಕನ್ನು ಕೂಡಿಸುವ ಗ್ರಾವಿಟಿ ಉಪಕರಣ 2018ರಲ್ಲಿ ಈ ಅನಿಲದ ವ್ಯಾಪ್ತಿಯನ್ನು ನೇರವಾಗಿ ಅಳೆಯಿತು. ತ್ರಿಜ್ಯ 46 ಮೈಕ್ರೋ ಆರ್ಕ್‌ಸೆಕೆಂಡ್, ಅಂದರೆ 0.12 ಪಾರ್ಸೆಕ್, 145 ಜ್ಯೋತಿರ್ದಿನ. ದ್ರವ್ಯರಾಶಿ 26 ಕೋಟಿ ಸೂರ್ಯರು, 11 ಕೋಟಿ ಆಚೆಈಚೆ. ಎರಡು ಬೇರೆ ಬೇರೆ ದಾರಿಗಳು ಒಂದೇ ದೂರಕ್ಕೆ ಬಂದು ನಿಂತಿರುವುದು ಈ ಕ್ಷೇತ್ರದಲ್ಲಿ ದೊಡ್ಡ ಸಂಗತಿ.

ಈಗ ಎಚ್ಚರದ ಮಾತು. ಮರುದನಿಗೆ ವರ್ಷಗಟ್ಟಲೆ ಕಾಯಲಾಗದ ಲಕ್ಷಾಂತರ ಕ್ವೇಸಾರ್‌ಗಳಿಗೆ ಪ್ರಕಾಶದಿಂದಲೇ ದೂರ ಊಹಿಸುವ ಸೂತ್ರ ಬಳಸುತ್ತಾರೆ: ಪ್ರಕಾಶವನ್ನು 10³⁷ ವಾಟ್‌ನಿಂದ ಭಾಗಿಸಿ, 0.533 ಘಾತಕ್ಕೇರಿಸಿ, 33.65 ಜ್ಯೋತಿರ್ದಿನದಿಂದ ಗುಣಿಸುವುದು. ನಮ್ಮ 9 × 10³⁸ ವಾಟ್ ಹಾಕಿದರೆ 370 ಜ್ಯೋತಿರ್ದಿನ ಬರುತ್ತದೆ, ದ್ರವ್ಯರಾಶಿ 80 ಕೋಟಿ ಸೂರ್ಯರ ಹತ್ತಿರ. ನೇರ ಅಳತೆಯ ಎರಡೂವರೆ ಪಟ್ಟು! ಸೂತ್ರ ಸುಳ್ಳಲ್ಲ. ಅದನ್ನು ಹೊಂದಿಸಿದ್ದು ಹೆಚ್ಚಾಗಿ ಸಮೀಪದ, ಮೆಲ್ಲಗೆ ನುಂಗುವ ಸಕ್ರಿಯ ಗ್ಯಾಲಕ್ಸಿಗಳಿಂದ. ಬಿರುಸಾಗಿ ನುಂಗುವ ಕಪ್ಪುಕುಳಿಗಳಲ್ಲಿ ಅನಿಲವು ಸೂತ್ರ ಹೇಳುವುದಕ್ಕಿಂತ ಒಳಗಿರುತ್ತದೆ. ಸೂತ್ರದಿಂದ ತೆಗೆದ ಯಾವ ದ್ರವ್ಯರಾಶಿಯ ಪಕ್ಕದಲ್ಲೂ 'ಎರಡೂವರೆ ಪಟ್ಟು ಮೇಲೆ ಕೆಳಗೆ' ಎಂದು ಬರೆಯದಿದ್ದರೆ ಆ ವರದಿ ಅಪೂರ್ಣ. 79.3 ಕೋಟಿ ಎಂದು ಮೂರು ಅಂಕಿ ಬರೆದ ಪ್ರಾಜೆಕ್ಟ್‌ಗೆ ನಾವಾದರೆ ಅಂಕ ಕಳೆಯುತ್ತೇವೆ.

ಬೇರೆ ಕ್ವೇಸಾರ್‌ಗಳಿಗೆ

ಸ್ಲೋನ್ ಆಕಾಶ ಸಮೀಕ್ಷೆಯ ರೋಹಿತಗಳು ಉಚಿತ. ಸ್ಕೈಸರ್ವರ್ ತಾಣದಲ್ಲಿ ಕ್ವೇಸಾರ್ ವರ್ಗ, ರೆಡ್‌ಶಿಫ್ಟ್ 0.1ರಿಂದ 0.7ರ ನಡುವೆ, ಸಂಕೇತ ಗದ್ದಲಕ್ಕಿಂತ 20 ಪಟ್ಟು ಹೆಚ್ಚಿರುವುದನ್ನು ಆರಿಸಿ ಫಿಟ್ಸ್ ಕಡತ ಇಳಿಸಿಕೊಳ್ಳಿ. ತರಂಗಾಂತರದ ಕಾಲಂನಲ್ಲಿರುವುದು 10ರ ಆಧಾರದ ಲಾಗರಿದಂ, ಮೊದಲು ಅದನ್ನು ಬಿಡಿಸಿ. ಬೆಳಕಿನ ಕಾಲಂ 10⁻¹⁷ ಎರ್ಗ್‌ನ ಮಾನದಲ್ಲಿದೆ. ತರಂಗಾಂತರಗಳು ನಿರ್ವಾತದವು, ಗಾಳಿಯವಲ್ಲ. ಪಠ್ಯಪುಸ್ತಕದ 5006.8ರ ಆಮ್ಲಜನಕ ರೇಖೆ ಇಲ್ಲಿ 5008.2. ಇದನ್ನು ಬೆರೆಸಿದರೆ 80 ಕಿಮೀ/ಸೆಗೂ ಹೆಚ್ಚಿನ ಸುಳ್ಳು ವೇಗ ಹುಟ್ಟುತ್ತದೆ.

ಬೀಟಾದ ಎರಡೂ ಬದಿಯ ಸಮತಟ್ಟು ಭಾಗಗಳಿಗೆ ಗೆರೆ ಹೊಂದಿಸಿ ಕಳೆಯಿರಿ. ಉಳಿದ ಉಬ್ಬಿನಲ್ಲಿ ಎರಡು ಬೆರೆತಿವೆ: ಕಪ್ಪುಕುಳಿಯ ಹತ್ತಿರದ ಅಗಲ ಭಾಗ, ದೂರದ, ನಿಧಾನ ಚಲಿಸುವ ಅನಿಲದ ಸಪೂರ ಭಾಗ. ಸಪೂರದ ಅಗಲವನ್ನು 5008ರ ಆಮ್ಲಜನಕ ರೇಖೆಗೆ ಕಟ್ಟಿ, ಎತ್ತರವನ್ನು ಅದರ ಹತ್ತನೇ ಒಂದರಷ್ಟು ಇಟ್ಟು ಕಳೆಯಿರಿ. ಕಳೆಯದಿದ್ದರೆ ತುದಿ ಎತ್ತರವಾಗಿ, ಅರ್ಧ ಎತ್ತರದ ಅಗಲ ಕುಗ್ಗಿ, ಕಪ್ಪುಕುಳಿ ಇರುವುದಕ್ಕಿಂತ ಹಗುರವಾಗುತ್ತದೆ. ಹೊಂದಾಣಿಕೆ ಸರಿಯಿದೆಯೇ ಎಂದು ತಿಳಿಯಲು ಆಮ್ಲಜನಕದ ಜೋಡಿ ರೇಖೆಗಳನ್ನು ನೋಡಿ. 4960ರದ್ದು 5008ರದ್ದಕ್ಕಿಂತ ಮೂರು ಪಟ್ಟು ಕಡಿಮೆ ಇರಲೇಬೇಕು, ಪರಮಾಣು ಭೌತಶಾಸ್ತ್ರದ ಕಟ್ಟಳೆ ಅದು. ಇಲ್ಲದಿದ್ದರೆ ನಿಮ್ಮ ಹಿನ್ನೆಲೆ ಗೆರೆ ತಪ್ಪಿದೆ.

ನಮ್ಮ ನೆಲದಲ್ಲೇ ಇರುವ ಎರಡು ಕೊಂಡಿಗಳನ್ನು ಮೇಷ್ಟರುಗಳು ತರಗತಿಯಲ್ಲಿ ಹೇಳಬೇಕು. ಗೌರಿಬಿದನೂರಿನ ಹತ್ತಿರ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ಇಂಗ್ಲಿಷಿನ ಟಿ ಆಕಾರದ ರೇಡಿಯೋ ಟೆಲಿಸ್ಕೋಪ್ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ಮಾಡಿತು. ಕ್ವೇಸಾರ್‌ಗಳು ಮೊದಲು ಸಿಕ್ಕಿದ್ದೇ ರೇಡಿಯೋದಲ್ಲಿ. ಇನ್ನೊಂದು ಕೋಲಾರದ ಚಿನ್ನದ ಗಣಿ. 1965ರಲ್ಲಿ ಅಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳು ಪತ್ತೆಯಾದವು. ಇವತ್ತು ದಕ್ಷಿಣ ಧ್ರುವದ ಐಸ್‌ಕ್ಯೂಬ್ ಅದೇ ಬಗೆಯ ಕಣಗಳನ್ನು ಹಿಮದೊಳಗೆ ಹಿಡಿಯುತ್ತಿದೆ. 2022ರಲ್ಲಿ ಅದು ಎನ್‌ಜಿಸಿ 1068 ಎಂಬ ಸಕ್ರಿಯ ಗ್ಯಾಲಕ್ಸಿಯಿಂದ ನ್ಯೂಟ್ರಿನೋ ಬರುತ್ತಿರುವುದಕ್ಕೆ ಸಾಕ್ಷ್ಯ ಕೊಟ್ಟಿತು.

ಎಷ್ಟು ನುಂಗುತ್ತಿದೆ, ಎಷ್ಟು ಬೇಗ ಬೆಳೆಯುತ್ತದೆ

ಹೊರಗೆ ಹೊಮ್ಮುವ ಬೆಳಕು ಎಲೆಕ್ಟ್ರಾನ್‌ಗಳನ್ನು ಹೊರಕ್ಕೆ ತಳ್ಳುತ್ತದೆ, ಗುರುತ್ವ ಪ್ರೋಟಾನ್‌ಗಳನ್ನು ಒಳಕ್ಕೆ ಎಳೆಯುತ್ತದೆ, ಎರಡೂ ಕಣಗಳು ವಿದ್ಯುದಾಕರ್ಷಣೆಯಿಂದ ಜೊತೆಗೇ ಸಾಗುತ್ತವೆ. ತಳ್ಳುವಿಕೆ, ಎಳೆತ ಎರಡೂ ದೂರದ ವರ್ಗಕ್ಕೆ ವಿಲೋಮ. ಸಮ ಮಾಡಿದಾಗ ದೂರ ಹೊಡೆದುಹೋಗಿ, ಒಂದು ಸೂರ್ಯನ ದ್ರವ್ಯರಾಶಿಗೆ 1.26 × 10³¹ ವಾಟ್ ಎಂಬ ಮಿತಿ ಉಳಿಯುತ್ತದೆ. ಇದೇ ಎಡಿಂಗ್ಟನ್ ಮಿತಿ. 30 ಕೋಟಿ ಸೂರ್ಯರಿಗೆ 3.8 × 10³⁹ ವಾಟ್.

ಕಣ್ಣಿಗೆ ಕಾಣುವ 9 × 10³⁸ ವಾಟನ್ನು ಎಲ್ಲ ತರಂಗಾಂತರಗಳಿಗೆ ಹಿಗ್ಗಿಸಲು ರೂಢಿಯಲ್ಲಿ 9ರಿಂದ ಗುಣಿಸುತ್ತಾರೆ, 8 × 10³⁹. ಮಿತಿಯ ಎರಡು ಪಟ್ಟು! ಗಾಬರಿ ಬೇಡ. ಆ 9 ಎಂಬುದೇ ಎರಡು ಪಟ್ಟು ಆಚೀಚೆ ಆಗುವ ಅಂಕಿ, ತುಂಬ ಪ್ರಕಾಶದ ಕ್ವೇಸಾರ್‌ಗಳಿಗೆ ಅದು ಕಡಿಮೆ. ಅಲ್ಲದೆ ಮಿತಿ ಹೇಳುವುದು ಎಲ್ಲ ದಿಕ್ಕಿನಿಂದಲೂ ಸಮವಾಗಿ ಬೀಳುವ ಅನಿಲಕ್ಕೆ. ತಟ್ಟೆಯಾಗಿ ಬೀಳುವಾಗ ಬೆಳಕು ಮೇಲೆ ಕೆಳಗೆ ತಪ್ಪಿಸಿಕೊಳ್ಳುತ್ತದೆ. 'ಮಿತಿಯ ಆಸುಪಾಸು' ಎಂದು ಬರೆಯಿರಿ, ಅದಕ್ಕಿಂತ ಹೆಚ್ಚು ಹೇಳಲು ಅಂಕಿಗಳು ಬಿಡುವುದಿಲ್ಲ.

ಬೀಳುವ ದ್ರವ್ಯದ ಹತ್ತನೇ ಒಂದು ಭಾಗ ಬೆಳಕಾಗುತ್ತದೆ ಎಂದು ಹಿಡಿದರೆ, 8 × 10³⁹ನ್ನು 0.1 ಮತ್ತು ಬೆಳಕಿನ ವೇಗದ ವರ್ಗದಿಂದ ಭಾಗಿಸಿ: ಸೆಕೆಂಡಿಗೆ ಸುಮಾರು 9 × 10²³ ಕೆಜಿ. ಆರೇಳು ಸೆಕೆಂಡಿಗೊಂದು ಭೂಮಿ, ವರ್ಷಕ್ಕೆ 14 ಸೂರ್ಯರು. ಸೂರ್ಯನೊಳಗಿನ ಹೈಡ್ರೋಜನ್ ಬೆಸುಗೆಯಲ್ಲಿ ಬೆಳಕಾಗುವುದು 0.7 ಶೇಕಡಾ ಮಾತ್ರ. ಕಪ್ಪುಕುಳಿಯಲ್ಲಿ, ಅದು ತಿರುಗದಿದ್ದರೆ 5.7 ಶೇಕಡಾ, ಗರಿಷ್ಠ ವೇಗದಲ್ಲಿ ತಿರುಗುತ್ತಿದ್ದರೆ 42 ಶೇಕಡಾವರೆಗೆ. ಈ ಶೇಕಡಾವಾರನ್ನೇ ದಕ್ಷತೆ ಎನ್ನುತ್ತಾರೆ.

ಬೆಳವಣಿಗೆಯ ಲೆಕ್ಕವೂ ದಕ್ಷತೆಯ ಮೇಲೆಯೇ ನಿಂತಿದೆ. ಮಿತಿಯಲ್ಲೇ ನುಂಗುತ್ತಾ ಹೋದರೆ ದ್ರವ್ಯರಾಶಿ ಚಕ್ರಬಡ್ಡಿಯಂತೆ ಏರುತ್ತದೆ. 2.718 ಪಟ್ಟಾಗಲು ಬೇಕಾದ ಕಾಲ: 45 ಕೋಟಿ ವರ್ಷವನ್ನು ದಕ್ಷತೆಯಿಂದ ಗುಣಿಸಿ, ಒಂದರಿಂದ ದಕ್ಷತೆ ಕಳೆದು ಬಂದದ್ದರಿಂದ ಭಾಗಿಸಿ. 0.1ಕ್ಕೆ 5 ಕೋಟಿ ವರ್ಷ, 0.06ಕ್ಕೆ 2.9 ಕೋಟಿ, 0.3ಕ್ಕೆ 19 ಕೋಟಿ. ಅಂದರೆ ಹೆಚ್ಚು ಬೆಳಗುವ ಕಪ್ಪುಕುಳಿ ನಿಧಾನ ಬೆಳೆಯುತ್ತದೆ, ಬಿದ್ದದ್ದರಲ್ಲಿ ಹೆಚ್ಚಿನ ಪಾಲು ಬೆಳಕಾಗಿ ಹೊರಟುಹೋಗುತ್ತದೆ.

ಇದನ್ನು ನಿಜವಾದ ಒಂದು ವಸ್ತುವಿನ ಮೇಲೆ ಪರೀಕ್ಷಿಸಿ. ಜೆ1342+0928 ಎಂಬ ಕ್ವೇಸಾರ್‌ನ ರೆಡ್‌ಶಿಫ್ಟ್ 7.54. ಅದರ ಬೆಳಕು ಹೊರಟಾಗ ವಿಶ್ವದ ವಯಸ್ಸು 69 ಕೋಟಿ ವರ್ಷ, ಅದರ ಕಪ್ಪುಕುಳಿ ಆಗಲೇ ಸುಮಾರು 80 ಕೋಟಿ ಸೂರ್ಯರಷ್ಟು. ಮೊದಲ ನಕ್ಷತ್ರಗಳು ಹುಟ್ಟಲು ಒಂದೆರಡು ಹತ್ತು ಕೋಟಿ ವರ್ಷ ಕಳೆದರೆ, ಬೆಳೆಯಲು ಉಳಿದದ್ದು 49ರಿಂದ 59 ಕೋಟಿ. ಒಂಬತ್ತು ಮನೆಯ ಕೋಷ್ಟಕ ಹಾಕಿ: ಬೀಜದ (ಅಂದರೆ ಹುಟ್ಟಿದಾಗಿನ ಕಪ್ಪುಕುಳಿಯ) ದ್ರವ್ಯರಾಶಿ 100, 10 ಸಾವಿರ, 1 ಲಕ್ಷ ಸೂರ್ಯರು, ದಕ್ಷತೆ 0.06, 0.1, 0.3. ಪ್ರತಿ ಮನೆಗೂ ಕೊನೆಯ ದ್ರವ್ಯರಾಶಿಯನ್ನು ಬೀಜದಿಂದ ಭಾಗಿಸಿ, ಸಹಜ ಲಾಗರಿದಂ ತೆಗೆದು (10ರ ಆಧಾರದ್ದಲ್ಲ), ಮೇಲಿನ ಕಾಲದಿಂದ ಗುಣಿಸಿ. 100 ಸೂರ್ಯರ ಬೀಜ, 0.1 ದಕ್ಷತೆಗೆ 79 ಕೋಟಿ ವರ್ಷ, ವಿಶ್ವದ ವಯಸ್ಸನ್ನೇ ಮೀರಿತು. 10 ಸಾವಿರದ ಬೀಜಕ್ಕೆ 56 ಕೋಟಿ, ಒಂದು ದಿನವೂ ಉಪವಾಸ ಬೀಳದಿದ್ದರೆ ಎಳೆದಾಡಿ ಹೊಂದುತ್ತದೆ. 1 ಲಕ್ಷಕ್ಕೆ 45 ಕೋಟಿ, ಆರಾಮ. 0.3ರ ಸಾಲಿನಲ್ಲಿ ಯಾವ ಬೀಜವೂ ಹೊಂದದು, 0.06ರ ಸಾಲಿನಲ್ಲಿ 100ರ ಬೀಜವೂ 46 ಕೋಟಿಗೆ ಮುಟ್ಟುತ್ತದೆ. ಈಗ ಜೆ1342ರ ದ್ರವ್ಯರಾಶಿಯನ್ನು, ಬಿರುಸಾಗಿ ನುಂಗುವ ಕಪ್ಪುಕುಳಿ ಎಂಬ ಕಾರಣಕ್ಕೆ, ಎರಡೂವರೆ ಪಟ್ಟು ಕೆಳಗಿಳಿಸಿ 32 ಕೋಟಿ ಎಂದಿಟ್ಟು ಅದೇ ಕೋಷ್ಟಕವನ್ನು ಮತ್ತೊಮ್ಮೆ ತುಂಬಿ. 0.1ರ ಸಾಲಿನ ಪ್ರತಿ ಮನೆಯಲ್ಲೂ ನಾಲ್ಕೂವರೆ ಕೋಟಿ ವರ್ಷ ಮಾತ್ರ ಕಡಿಮೆಯಾಗುತ್ತದೆ. 10 ಸಾವಿರದ ಮನೆ 52ಕ್ಕೆ ಇಳಿಯುತ್ತದೆ, 100ರ ಮನೆ 75ರಲ್ಲಿ ನಿಂತು ಆಗಲೂ ಹೊರಗೇ ಉಳಿಯುತ್ತದೆ.